ಹದಿನೇಳ ನಂಬರಿನ ಅಂಗಿ

ಆಟ ನಂಗ ತಿಳಿಯೂದಿಲ್ಲಪಾ.
ಆಟ ಮುಗದಮ್ಯಾಲೆ ಗಂಟಿನ್ಯಾಗ ಏನು ಬರತೈತಿ
ಅಷ್ಟ ಗೊತ್ತು:
ಹದಿನೆಂಟು ಅಂಗಿ, ಹದಿನೆಂಟು ಚಡ್ಡಿ,
ಕಾಲುಚೀಲ ಮೂವತ್ತಾರು ಇರಬೇಕು,
ಮೂವತ್ತೈದ ಇರತಾವ.

ವಾಸ್ಕೋದಾಗ, ಕ್ಲಬ್ಬಿನ ಹಿಂದಿನ ಹೌದಿನ ಕಡೆ
ಹನ್ನೊಂದು ವರ್ಷ ಒಗದೀನಿ.
ಗೆದ್ದ ಬೆವರೋ ಸೋತ ಬೆವರೋ
ನೀರಿಗೆ ಫರಕಿಲ್ಲ.

ನಿನ್ನ ಅಂಗಿ ಹುಡುಕಾಕ ಅಕ್ಷರ ಬೇಕಾಗಿದ್ದಿಲ್ಲ.
ಎಡಭುಜ ಯಾವಾಗಲೂ ಕೆಂಪು,
ಬೀಳೂದು ಆ ಕಡೆನ ಬೀಳತಿದ್ದಿ.
ಮೊದಲ ವರ್ಷ ಕಾಲುಚೀಲದಾಗೊಂದು ಕಾಗದ ಸಿಕ್ಕಿತು,
ಉದ್ದಾನ ಫೋನ್ ನಂಬರು, ಶಾಯಿ ಹರದಿತ್ತು.
ಒದ್ದಿ ಕೈಲೆ ಓಡಿ ಬಂದೆ. ನೀ ನಕ್ಕಿ.
"ಅದು ನಂಗ ಬಾಯಿಪಾಠ.
ಕಾಲಿಗೂ ಗೊತ್ತಿರಲಿ ಅಂತ ಇಟ್ಟೀನಿ."

ಅಂದದ್ದು ಕೊಂಕಣಿಯಾಗ.
ನಿನ್ನದೊಂದು ಒಡಕ ಬೋಕಿ, ನನ್ನದೊಂದು,
ಹೆಂಗೋ ನೀರು ನಿಂತಿತ್ತು.

ಕ್ವಾಬೆನಾ ಅಂದರ ಮಂಗಳವಾರ ಹುಟ್ಟಿದಾವ ಅಂದಿ.
ನಾನೂ ಅದ ವಾರದಾಕಿ, ಮಂಗಳವ್ವ.
ನಮ್ಮ ಹುನಗುಂದದ ಕಡೆ ಅವತ್ತು
ಉಗುರು ತಗಿಯೂದಿಲ್ಲ, ಹೊಸ ಕೆಲಸ ಹಿಡಿಯೂದಿಲ್ಲ.
ನೀ ಕರಾರಿಗೆ ಸಹಿ ಹಾಕಿದ್ದೂ ಮಂಗಳವಾರ.
ನಾ ಸುಮ್ಮನಾದೆ,
ಮೂರು ವರ್ಷದ ಪಗಾರದ ಮುಂದ ಪಂಚಾಂಗ ಯಾಕ.

ಎದಿಮ್ಯಾಲಿನ ಹೆಸರು ಬದಲಾದವು:
ಸಿಮೆಂಟು, ಆಮ್ಯಾಲೆ ಬ್ಯಾಂಕು,
ಆಮ್ಯಾಲೆ ಮಾಂಡವಿ ಹೊಳಿಯಾಗ ನಿಂತ ಜೂಜಿನ ಹಡಗ.
ಬೆನ್ನಮ್ಯಾಲಿನ ಹದಿನೇಳು ಹಂಗ ಇತ್ತು.

ಒಮ್ಮೆ ಫತೋರ್ಡಾಕ್ಕ ನನ್ನೂ ಕರಕೊಂಡು ಹೋದರು.
ಅಷ್ಟು ಲೈಟು, ಅಷ್ಟು ಹಸರು,
ಅದರಾಗ ನನ್ನ ಒಗ್ಯಾಣ ಎದ್ದು ಓಡ್ಯಾಡಾಕ ಹತ್ತಿತ್ತು!
ನೀ ಗೋಲು ಹೊಡದಿ, ಮಂದಿ ಎದ್ದಿತು.
ನಾ ನೋಡಿದ್ದು ನೀ ಮೊಣಕಾಲಲೆ ಜಾರಿದ್ದು.
ಆ ಕಲಿ ಹೋಗೂದಿಲ್ಲ, ಅಂದಕೊಂಡೆ.

ಎರಡು ಗೋಲು ತಿರುಗಿ ಬಿದ್ದಮ್ಯಾಲೆ
ಅದ ಮಂದಿ ನಿಂಗೊಂದು ಹೆಸರು ಕೂಗಿತು.
ನೀ ಕೇಳಲಾರದಂಗ ಬೂಟಿನ ದಾರ ಕಟ್ಟಿದಿ,
ಕಟ್ಟಿದ್ದನ್ನ ಬಿಚ್ಚಿ ಮತ್ತ ಕಟ್ಟಿದಿ.
ನಂಗೂ ಇಲ್ಲೊಂದು ಹೆಸರೈತಿ: ಘಾಟಿ.
ಬಸ್ಸಿನ್ಯಾಗ, ಮೀನಿನ ಮಾರ್ಕೆಟ್ಟಿನ್ಯಾಗ.
ಸೋಡಾ ಹಾಕಿದರೂ ಹೋಗೂದಿಲ್ಲ.

ನಾಕನೇ ವರ್ಷ ನಿನ್ನ ಅಂಗಿ ಸ್ವಚ್ಛ ಬರಾಕ ಹತ್ತಿತು.
ಮಡಚಿ ಕೊಟ್ಟದ್ದು ಮಡಚಿದಂಗ.
ಭುಜ ಬೆಳ್ಳಗ, ಕೊರಳಪಟ್ಟಿಗೆ ಬರೇ ನೋವಿನೆಣ್ಣಿ ವಾಸನಿ.
ಯಾರೂ ಹೇಳಲಿಲ್ಲ. ಒಗಿಯಾಕಿಗೆ ಯಾರು ಹೇಳತಾರ?
ಆದರೂ ಒಗದೆ.
ಆಡಿದವರ ಅಂಗಿ ಜೋಡಿ ಹಾಕಿ ಒಗದೆ.

ಮಾಲಕ ಕ್ಲಬ್ಬು ಮಾರಿದ ದಿನ
ಆಫೀಸಿನ ಮೆಟ್ಟಲಮ್ಯಾಲೆ ಇಬ್ಬರೂ ಕುಂತಿದ್ದಿವಿ,
ನಿನಗ ಐದು ತಿಂಗಳ ಬಾಕಿ, ನಂಗ ಎರಡು.
ನಿನ್ನ ಮೊಣಕಾಲು ಮಡಚತಿದ್ದಿಲ್ಲ,
ಹೋಗೋ ಬರೋರೆಲ್ಲಾ ಅದನ್ನ ದಾಟಿ ಹೋದರು.
ಏಜೆಂಟ ಫೋನ್ ಎತ್ತಲಿಲ್ಲ.
ವೀಸಾದ ದಿನ ಬೆರಳಲೆ ಎಣಿಸಿದಿ,
ಒಂದ ಕೈ ಸಾಕಾತು.
ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆ.
ಬಾಯಾಗಿಟ್ಟು ಕಣ್ಣು ಮುಚ್ಚಿದಿ,
ನಮ್ಮ ಸಂತಿಯಾಗೂ ಇದ ಸೊಪ್ಪು ಬರತೈತಿ, ಅಂದಿ.
ಒಂದೀಟು ತಡದು ಅಂದಿ:
ಇಲ್ಲ, ಇಷ್ಟು ಹುಳಿ ಇಲ್ಲ.

ಸುಗ್ಗಿ ಆದಮ್ಯಾಲೆ ಸಾಲ್ಸೆಟ್ಟಿನ ಗದ್ದಿಯಾಗ
ಕಾಲಿಗೆ ಪಟ್ಟಿ ಸುತ್ತಿ
ದಿನಗೂಲಿಗೆ ಆಡತಿದ್ದಿ ಅಂತ ಯಾರೋ ಅಂದರು,
ಬ್ಯಾರೆ ಹೆಸರಿನ್ಯಾಗ.
ಹೋಗಿಬಿಟ್ಟಾನ ಅಂದರು ಇನ್ನೊಬ್ಬರು.
ಎರಡೂ ಖರೆ ಇರಬಹುದು.

ಹಳೇ ಅಂಗಿ ಸಣ್ಣ ಹುಡುಗರಿಗೆ ಅಂತ
ಹೊಸ ಮಾಲಕ ಹೇಳಿ ಕಳಿಸಿದ.
ಕಾದ ಇಸ್ತ್ರಿ ಒತ್ತಿ ಒಂದೊಂದ ಅಕ್ಷರ ಕಿತ್ತೆ.
ಅಕ್ಷರ ಬಂದವು. ಅವುಗಳ ನೆರಳು ಬರಲಿಲ್ಲ,
ಅಲ್ಲಿ ಬಿಸಲು ಬಿದ್ದಿಲ್ಲಲ್ಲ.
ಹದಿಮೂರರ ಪೋರನೊಬ್ಬ ಹಾಕ್ಕೊಂಡಾನ,
ತೊಡಿ ದಾಟಿ ಇಳದೈತಿ.
ಅವ ಬೀಳೂದು ಬಲಕ್ಕ.

ಹೌದಿನ ತೂಬು ಕಟ್ಟಿತ್ತು ನಿನ್ನಿ.
ಕಡ್ಡಿ ಹಾಕಿ ಎಳದೆ, ಒಂದು ಕಾಲುಚೀಲ ಬಂತು,
ಪಾಚಿಗಟ್ಟಿ, ಯಾರದು ಯಾವ ವರ್ಷದ್ದೋ.
ಒಗದು ಹಾಕೀನಿ.
ಒಳಗ ಕೈ ಹಾಕಿ ನೋಡಿದೆ ಮೊದಲ.
ಕಾಗದ ಏನಿಲ್ಲ.